ಕೌಂಟರ್ ಸ್ಟ್ರೈಕ್ 2: ಎಕೆ ಇರುವಾಗ ಮಿಕ್ಕ ಬಂದೂಕು ಯಾಕೆ?

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಬೇಸಿಗೆ ರಜೆಗೆ ತುಮಕೂರಿಗೆ, ನಮ್ಮ ಮನೆಗೆ ಬಂದಿದ್ದ. ಫೋನಿನಲ್ಲಿ ಬಿಜಿಎಂಐ, ಅಂದ್ರೆ ನಮ್ಮ ದೇಶದ ಪಬ್ಜಿ, ಆಡಿ ಪಳಗಿದ ಕೈ ಅವನದು. ನನ್ನ ಕಂಪ್ಯೂಟರ್‌ನಲ್ಲಿ ಕೌಂಟರ್ ಸ್ಟ್ರೈಕ್ 2 ಹಾಕಿಕೊಟ್ಟೆ. ಮೂರು ದಿನ ಊಟ ತಿಂಡಿ ಬಿಟ್ಟು ಆಡಿದ. ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಂದು ಕೇಳಿದ, "ಮಾಮ, ಎಕೆ ತಗೊಂಡ್ರೆ ಎಲ್ಲಾ ಕೆಲಸನೂ ಆಗುತ್ತಲ್ಲ, ಮಿಕ್ಕಿದ್ದೆಲ್ಲ ಯಾಕೆ ಇಟ್ಟಿದ್ದಾರೆ?"

ಒಳ್ಳೆ ಪ್ರಶ್ನೆ. ಎಕೆ ಅಂದ್ರೆ ಎಕೆ-47 ರೈಫಲ್. ಒಂದು ಗನ್ ಗೇಮ್ ಚೆನ್ನಾಗಿದೆಯಾ ಇಲ್ವಾ ಅಂತ ನಾನು ಅಳೆಯೋದೇ ಈ ಪ್ರಶ್ನೆಯಿಂದ. ಈ ಆಟದ ಗ್ರಾಫಿಕ್ಸ್, ನೀರಿನ ಹೊಳಪು, ಬಂದೂಕಿಗೆ ಹಾಕುವ ಬಣ್ಣದ ಸ್ಕಿನ್ ರೇಟು ಇದರ ಬಗ್ಗೆ ಎಲ್ಲರೂ ಬರೆದಾಗಿದೆ. ನಾನು ಬಂದೂಕಿನ ಬಗ್ಗೆ ಮಾತ್ರ ಬರೆಯುತ್ತೇನೆ. ಎಲ್ಲಾ ಕಡೆ ನಡೆಯುವ ಬಂದೂಕಿಗೂ ಒಂದೇ ಕಡೆ ನಡೆಯುವ ಬಂದೂಕಿಗೂ ಈ ಆಟ ಹೇಗೆ ಜಾಗ ಮಾಡಿಕೊಟ್ಟಿದೆ, ಎಲ್ಲಿ ಕೊಟ್ಟಿಲ್ಲ, ಅಷ್ಟೇ.

ಹೊಸಬರಿಗೆ ಎರಡು ಮಾತು. ಕೌಂಟರ್ ಸ್ಟ್ರೈಕ್ 2 ಬಂದಿದ್ದು 2023ರ ಸೆಪ್ಟೆಂಬರ್ 27ಕ್ಕೆ. 2012ರಿಂದ ಇದ್ದ ಸಿಎಸ್:ಗೋ ಆಟದ ಜಾಗಕ್ಕೇ ಇದು ಬಂತು. ಆಡೋಕೆ ದುಡ್ಡು ಕೊಡಬೇಕಿಲ್ಲ. ಡಿಸ್ಕ್‌ನಲ್ಲಿ 85 ಜಿಬಿ ಜಾಗ ಖಾಲಿ ಇರಬೇಕು. ಒಂದು ಕಡೆ ಐದು ಜನ, ಇನ್ನೊಂದು ಕಡೆ ಐದು ಜನ. ಒಂದು ಕಡೆಯವರು ಬಾಂಬ್ ಇಡಬೇಕು, ಇನ್ನೊಂದು ಕಡೆಯವರು ತಡೆಯಬೇಕು. ಪ್ರತಿ ರೌಂಡ್ ಶುರುವಿನಲ್ಲಿ ಕೈಯಲ್ಲಿರುವ ಆಟದ ದುಡ್ಡಿನಲ್ಲಿ ಬಂದೂಕು ಕೊಳ್ಳಬೇಕು. ಈ ದುಡ್ಡೇ ಎಲ್ಲದಕ್ಕೂ ಬೇರು, ಅದನ್ನು ಮರೆಯಬೇಡಿ.

ನಾನು ಇದನ್ನು ಶುರು ಮಾಡಿದ್ದು ಈ ಆಟದ ಹಳೆಯ ಆವೃತ್ತಿ 1.6 ಕಾಲದಲ್ಲಿ. ಬಿ.ಎಚ್. ರಸ್ತೆಯ ಒಂದು ಸೈಬರ್‌ನಲ್ಲಿ, ಗಂಟೆಗೆ 15 ರೂಪಾಯಿ ಕೊಟ್ಟು, ಕಾಲೇಜು ಮುಗಿಸಿಕೊಂಡು ಹೋಗಿ ಆಡುತ್ತಿದ್ದೆವು. ರೌಂಡ್ ಶುರುವಾದ ತಕ್ಷಣ ಎಂಟು ಕೀಬೋರ್ಡ್‌ಗಳಿಂದ ಒಟ್ಟಿಗೆ ಬಿ, 4, 2 ಅಂತ ಟಕಟಕ ಸದ್ದು ಬರೋದು. ಅದು ಎಕೆ ಕೊಳ್ಳುವ ಸದ್ದು. ಒಂದರ ಹಿಂದೊಂದು ಗುಂಡು ಹೊಡೆಯುವ ಆಟೋ ಸ್ನೈಪರ್ ಕೊಂಡರೆ ಹಿಂದಿನ ಕುರ್ಚಿಯವನು ಎದ್ದು ಬಂದು ಜಗಳ ತೆಗೆಯೋನು. "ಆಟೋ ಬೇಡ ಅಂತ ಮಾತಾಗಿತ್ತಲ್ಲ ಗುರು" ಅಂತ. ಅಂದರೆ ಆಟ ಮಾಡಿದವರು ಸರಿಯಾಗಿ ತೂಗದೇ ಬಿಟ್ಟಿದ್ದನ್ನು ನಾವೇ ಬಾಯಿ ಮಾತಿನಲ್ಲಿ ತೂಗಿಕೊಳ್ಳುತ್ತಿದ್ದೆವು.

ಈಗ ಎಕೆ ವಿಷಯಕ್ಕೆ ಬರೋಣ. ಬೆಲೆ 2700 ಡಾಲರ್. ತಲೆಗೆ ಬಿದ್ದರೆ ಹೆಲ್ಮೆಟ್ ಇದ್ದರೂ ಒಂದೇ ಗುಂಡಿಗೆ ಎದುರಾಳಿ ಮಲಗುತ್ತಾನೆ. ಎದುರು ಪಕ್ಷದ, ಅಂದ್ರೆ ಬಾಂಬ್ ತಡೆಯುವವರ, ಎಂ4 ರೈಫಲಿಗೆ ಅದು ಆಗಲ್ಲ, ಹೆಲ್ಮೆಟ್ ಹಾಕಿದವನ ತಲೆಗೆ ಎರಡು ಬೇಕು. ಹತ್ತಿರಕ್ಕೂ ಸರಿ, ದೂರಕ್ಕೂ ಸರಿ. ಹಾಗಂತ ಯಾರ ಕೈಗೆ ಕೊಟ್ಟರೂ ಕೆಲಸ ಮಾಡುತ್ತೆ ಅಂತಲ್ಲ. ಓಡುತ್ತಾ ಹೊಡೆದರೆ ಗುಂಡು ಎತ್ತೆತ್ತಲೋ ಹೋಗುತ್ತೆ, ಬಿಡದೆ ಹೊಡೆದರೆ ಮೂತಿ ಮೇಲಕ್ಕೆ ಏರುತ್ತೆ, ಅದನ್ನು ಎಳೆದು ಹಿಡಿಯೋದನ್ನು ಕಲಿಯೋಕೆ ತಿಂಗಳುಗಟ್ಟಲೆ ಬೇಕು. ಎಲ್ಲಾ ಕಡೆ ನಡೆಯುವ ಬಂದೂಕು ಹೀಗೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಎಲ್ಲವನ್ನೂ ಮಾಡಲಿ, ಆದರೆ ಆಡುವವನಿಂದ ಅಷ್ಟು ಶ್ರಮ ಕೇಳಲಿ.

ಹಾಗಾದರೆ ಒಂದೇ ಕೆಲಸದ ಬಂದೂಕು ಹೇಗಿರಬೇಕು?

ನಮ್ಮದು ಗುಬ್ಬಿ ತಾಲ್ಲೂಕು. ತೆಂಗಿನ ತೋಟದಲ್ಲಿ ಮಚ್ಚು ಇಲ್ಲದೆ ಒಂದು ದಿನ ನಡೆಯಲ್ಲ. ಗರಿ ಕಡಿಯೋಕೆ, ಎಳನೀರು ಕೆತ್ತೋಕೆ, ಬೇಲಿ ಸವರೋಕೆ, ಎಲ್ಲಕ್ಕೂ ಅದೇ. ಕಾಯಿ ಸುಲಿಯೋಕೆ ಮಾತ್ರ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಇರುತ್ತೆ. ಅದರಿಂದ ಬೇರೆ ಯಾವ ಕೆಲಸವೂ ಆಗಲ್ಲ. ಆದರೆ ಮಚ್ಚು ಹಿಡಿದವನು ಹತ್ತು ಕಾಯಿ ಸುಲಿಯುವ ಹೊತ್ತಿಗೆ ಮೊನೆಯ ಮುಂದೆ ನಿಂತವನ ಪಕ್ಕದಲ್ಲಿ ಕಾಯಿ ಗುಡ್ಡೆ ಬಿದ್ದಿರುತ್ತೆ. ಒಂದೇ ಕೆಲಸದ ಬಂದೂಕೂ ಹಾಗಿರಬೇಕು. ಅದರ ಜಾಗದಲ್ಲಿ ಅದು ಎಕೆಗಿಂತ ಸ್ವಲ್ಪ ಮೇಲು ಅಂದ್ರೆ ಸಾಲದು, ಎಕೆ ಹಿಡಿದವನು ಆ ಜಾಗಕ್ಕೆ ಬರೋಕೇ ಯೋಚನೆ ಮಾಡಬೇಕು. ಸ್ವಲ್ಪ ಮೇಲು ಇದ್ದರೆ ಯಾರೂ ತಗೊಳ್ಳಲ್ಲ, ಯಾಕಂದ್ರೆ ಆ ಜಾಗ ಬಿಟ್ಟು ಹೊರಗೆ ಬಂದ ತಕ್ಷಣ ನಷ್ಟ ಜಾಸ್ತಿ.

ಕಳೆದ ತಿಂಗಳ ಒಂದು ಮ್ಯಾಚ್ ಹೇಳುತ್ತೇನೆ. ಭಾನುವಾರ ಎಸ್.ಎಸ್. ಪುರಂ ಕಡೆ ಒಂದು ಗೇಮಿಂಗ್ ಸೆಂಟರ್‌ನಲ್ಲಿ ಹಳೆಯ ಗೆಳೆಯರು ಐದೂ ಜನ ಸೇರಿದ್ದೆವು. ಡಸ್ಟ್ 2 ಮ್ಯಾಪ್. ನಾವು ಬಾಂಬ್ ತಡೆಯುವ ಕಡೆ. ನಾಲ್ಕು ರೌಂಡ್ ಗೆದ್ದಿದ್ದೆವು, ಆರು ಸೋತಿದ್ದೆವು. ತಿಪಟೂರಿನ ಗೆಳೆಯನ ಕೈಯಲ್ಲಿ 2,100 ಡಾಲರ್ ಮಾತ್ರ ಇತ್ತು. ಅಷ್ಟರಲ್ಲಿ ಎಂ4 ಬರಲ್ಲ. ಅವನು 1300 ಕೊಟ್ಟು ಮ್ಯಾಗ್-7 ಶಾಟ್‌ಗನ್ ತಗೊಂಡ, 650ಕ್ಕೆ ಕವಚ. ಉಳಿದಿದ್ದು 150. ಅದರಲ್ಲಿ ಎದುರಾಳಿಯ ಕಣ್ಣು ಕೋರೈಸುವ ಒಂದು ಫ್ಲ್ಯಾಶ್ ಬಾಂಬ್ ಕೂಡ ಬರಲ್ಲ, ಫ್ಲ್ಯಾಶ್‌ಗೆ 200.

ಬಾಂಬ್ ಇಡುವ ಎರಡು ಜಾಗದಲ್ಲಿ ಒಂದಾದ ಬಿ ಸೈಟಿಗೆ ಹೋಗಿ ಟನಲ್ ಬಾಯಿಯ ಪಕ್ಕದಲ್ಲೇ ಗೋಡೆಗೆ ಅಂಟಿಕೊಂಡು ನಿಂತ. "ಯಾರೂ ಮಾತಾಡಬೇಡ್ರೋ, ಹೆಜ್ಜೆ ಕೇಳಿಸ್ಕೋಬೇಕು" ಅಂದ. ನಾವೆಲ್ಲ ಸುಮ್ಮನಾದೆವು. ಟನಲ್ ಒಳಗಿಂದ ಬೂಟಿನ ಸದ್ದು, ಒಂದು ಫ್ಲ್ಯಾಶ್ ಸಿಡಿದು ಸೈಟಿನ ಆ ಕಡೆ ಬೆಳಗಿತು. ಅವನು ಗೋಡೆ ಕಡೆ ಮುಖ ಮಾಡಿದ್ದ. ಮೊದಲನೆಯವನು ಹೊರಗೆ ಬಂದ, ಒಂದು ಏಟು. ಗನ್ನಿನ ಪಂಪ್ ಎಳೆಯೋಕೆ ಒಂದು ಕ್ಷಣ ಬೇಕು, ಆ ಕ್ಷಣ ನಮಗೆಲ್ಲ ಬಹಳ ಉದ್ದ ಅನ್ನಿಸಿತು. ಎರಡನೆಯವನು ಬಂದ, ಒಂದು ಏಟು. ಮೂರನೆಯವನು ತಿರುಗುವಷ್ಟರಲ್ಲಿ ಇನ್ನೊಂದು. ನಾಲ್ಕನೆಯವನು ನಮ್ಮವನನ್ನು ಹೊಡೆದ. ಆದರೆ ಆಗ ನಾವು ನಾಲ್ಕು ಜನ, ಅವರು ಇಬ್ಬರು. ಆ ರೌಂಡ್ ನಮ್ಮದಾಯ್ತು.

ಈಗ ದುಡ್ಡು ನೋಡಿ. ಎಕೆ, ಎಂ4ನಲ್ಲಿ ಒಬ್ಬನನ್ನು ಹೊಡೆದರೆ 300 ಸಿಗುತ್ತೆ. ಮ್ಯಾಗ್-7ನಲ್ಲಿ ಹೊಡೆದರೆ 900. ಮೂರು ಕಿಲ್‌ಗೆ 2700, ಸರಿಯಾಗಿ ಒಂದು ಎಕೆ ಬೆಲೆ. ರೌಂಡ್ ಗೆದ್ದಿದ್ದಕ್ಕೆ 3250 ಬೇರೆ. ಮುಂದಿನ ರೌಂಡ್‌ಗೆ ಅವನ ಕೈಯಲ್ಲಿ ಆರು ಸಾವಿರ ದಾಟಿತ್ತು. ಹೆಲ್ಮೆಟ್ ಸಮೇತ ಕವಚ ತಗೊಂಡ, 4750 ಕೊಟ್ಟು ಎಡಬ್ಲ್ಯೂಪಿ ಸ್ನೈಪರ್ ತಗೊಂಡ. 1300ರ ಬಂದೂಕು 4750ರ ಬಂದೂಕಿಗೆ ದುಡ್ಡು ಹುಟ್ಟಿಸಿಕೊಟ್ಟಿತು! ಅದೇ ಮ್ಯಾಗ್-7 ಹಿಡಿದು ಅವನು ಲಾಂಗ್ ಎ ಅನ್ನೋ ಉದ್ದ ದಾರಿ ಕಡೆ ನಿಂತಿದ್ದರೆ ಆ ತುದಿಯಿಂದ ಬರುವವನಿಗೆ ಗೀರು ಕೂಡ ಬೀಳುತ್ತಿರಲಿಲ್ಲ.

ಈ ಆಟದ ಬುದ್ಧಿವಂತಿಕೆ ಇರೋದೇ ಇಲ್ಲಿ. ಬಂದೂಕಿನ ಏಟು ಎಷ್ಟು ಅನ್ನೋದನ್ನು ಮಾತ್ರ ತೂಗಿದರೆ ಎಕೆ ಮುಂದೆ ಯಾವುದೂ ನಿಲ್ಲಲ್ಲ. ಆದರೆ ಇವರು ಕೊಳ್ಳುವ ಬೆಲೆ ಒಂದು ತಟ್ಟೆಗೆ, ಕಿಲ್‌ಗೆ ಸಿಗುವ ದುಡ್ಡು ಇನ್ನೊಂದು ತಟ್ಟೆಗೆ ಹಾಕಿದ್ದಾರೆ. ಮ್ಯಾಕ್-10, ಎಂಪಿ9 ತರಹದ ಸಣ್ಣ ಬಂದೂಕಿಗೆ 600. ಎಡಬ್ಲ್ಯೂಪಿಗೆ ಬರೀ 100. ಹೊಟ್ಟೆಗೆ ಬಿದ್ದರೂ ಒಂದೇ ಏಟಿಗೆ ಕೆಳಗೆ ಬೀಳಿಸುವ ಬಂದೂಕು ಅದು, ಕೈತಪ್ಪಿದರೆ ತಂಡದ ಕಿಸೆಗೇ ತೂತು. ಚೆನ್ನಾಗಿ ಆಡಿದರೂ ಅದು ತನ್ನ ದುಡ್ಡು ತಾನು ದುಡಿಯಲ್ಲ, ಮಿಕ್ಕ ನಾಲ್ಕು ಜನ ದುಡಿದು ಸಾಕಬೇಕು. ಹಾಗಾಗಿ ಒಂದು ತಂಡದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತೆ. ಸಾಲದು ಅಂತ 2022ರ ನವೆಂಬರ್‌ನಲ್ಲಿ, ಸಿಎಸ್:ಗೋ ಇದ್ದಾಗಲೇ, ಅದರ ಮ್ಯಾಗಜೀನ್ ಹತ್ತು ಗುಂಡಿನಿಂದ ಐದಕ್ಕೆ ಇಳಿಸಿದರು. ಏಟು ಕಡಿಮೆ ಮಾಡಲಿಲ್ಲ, ಗಮನಿಸಿ. ಅದರ ಜಾಗದಲ್ಲಿ ಅದು ಈಗಲೂ ರಾಜ. ಐದು ಗುಂಡು ಮುಗಿದ ಮೇಲೆ ಮಾತ್ರ ಎದುರಾಳಿಗೆ ಒಂದು ಕಿಂಡಿ ತೆರೆಯುತ್ತೆ. ಕೆಲವರಿಗೆ ಇದು ಹಿಡಿಸಲಿಲ್ಲ, ನನಗೆ ಸರಿ ಅನ್ನಿಸಿತು.

ತೂಕ ತಪ್ಪಿದ್ದೂ ಇದೆ, ಅದನ್ನೂ ಹೇಳಬೇಕು. ಆಗ್ ಅಂತ ಒಂದು ರೈಫಲ್. ಮೇಲೆ ಸಣ್ಣ ದುರ್ಬೀನು ಇರುತ್ತೆ, ದೂರದ ಮೂಲೆ ಕಾಯೋಕೆ ಹೇಳಿ ಮಾಡಿಸಿದ್ದು. ವರ್ಷಗಟ್ಟಲೆ 3300 ಇತ್ತು, ಮುಟ್ಟುವವರು ಕಡಿಮೆ. 2018ರಲ್ಲಿ 150 ಡಾಲರ್ ಇಳಿಸಿ 3150 ಮಾಡಿದರು. ಅಷ್ಟೇ ಬದಲಾವಣೆ. ಎಂ4 ಜೊತೆ ಬೆಲೆ ಹೆಚ್ಚುಕಮ್ಮಿ ಒಂದೇ ಆಗಿಹೋಯ್ತು. ಜನ ನಿಧಾನವಾಗಿ ತಗೊಂಡು ನೋಡಿದರು, 2019ರ ಶುರುವಿನಲ್ಲಿ ದೊಡ್ಡ ದೊಡ್ಡ ಟೂರ್ನಿಗಳಲ್ಲಿ ಕೂಡ ಎಂ4 ಬಿಟ್ಟು ಎಲ್ಲರ ಕೈಯಲ್ಲಿ ಇದೇ. ದೂರದ ಮೂಲೆಗೆ ಅಂತ ಇದ್ದದ್ದು ಎಲ್ಲಾ ಮೂಲೆಗೂ ಬಂತು. ಆಗ ನಾವೂ ಹಾಗೇ ಆಡುತ್ತಿದ್ದೆವು, ಮತ್ತೆ ಆ ಎರಡು ಮೂರು ತಿಂಗಳು ಆಟ ಬೇಜಾರು ಹಿಡಿಸಿತ್ತು. ಎಲ್ಲರೂ ದುರ್ಬೀನಿನಲ್ಲಿ ಕಣ್ಣಿಟ್ಟು ಕೂತರೆ ಮುನ್ನುಗ್ಗುವವರು ಯಾರು? ಏಪ್ರಿಲ್‌ನಲ್ಲಿ ಬೆಲೆ ಮತ್ತೆ 3300 ಆಯ್ತು.

ಇನ್ನೊಂದು ಆರ್8 ರಿವಾಲ್ವರ್, 2015ರ ಡಿಸೆಂಬರ್. 850 ಡಾಲರ್‌ನ ಪಿಸ್ತೂಲು ಸ್ನೈಪರ್ ತರಹ ಹೊಡೆಯುತ್ತಿತ್ತು. ಕೆಲವೇ ದಿನದಲ್ಲಿ ಅದರ ಹಲ್ಲು ಕಿತ್ತರು. ಆದರೆ ಕಿತ್ತಿದ್ದು ಜಾಸ್ತಿಯಾಯ್ತು. ಇವತ್ತಿಗೂ ಅದಕ್ಕೊಂದು ಜಾಗ ಸಿಕ್ಕಿಲ್ಲ. ಮುನ್ನೂರು ರೂಪಾಯಿ ಕೆಲಸಕ್ಕೆ ಮೂರು ರೂಪಾಯಿ ಕೂಲಿ ಕೊಟ್ಟ ಹಾಗೆ, ಯಾರು ಬರುತ್ತಾರೆ?

ನನಗೆ ಬಹಳ ಇಷ್ಟವಾದ ತಿದ್ದುಪಡಿ ಅಂದರೆ ನೆಗೆವ್ ಮೆಷಿನ್ ಗನ್. ಮೊದಲು 5700 ಡಾಲರ್ ಇತ್ತು, ಕೈಯಲ್ಲಿ ದುಡ್ಡು ತುಂಬಿ ತುಳುಕಿದಾಗ ಮಾತ್ರ ಕೊಳ್ಳುವ ವಸ್ತು. 2017ರಲ್ಲಿ ಅದರ ಸ್ವಭಾವವನ್ನೇ ಬದಲಾಯಿಸಿ 2000ಕ್ಕೆ ತಂದರು, ಆಮೇಲೆ 1700. 150 ಗುಂಡು. ಮೊದಲ ಗುಂಡುಗಳು ಹುಚ್ಚಾಪಟ್ಟೆ ಹೋಗುತ್ತವೆ. ಬೆರಳು ಎತ್ತದೆ ಹೊಡೆಯುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಎಲ್ಲಾ ಗುಂಡು ಒಂದೇ ಗೆರೆಗೆ ಬಂದು ಕೂರುತ್ತವೆ, ನಲ್ಲಿ ತಿರುಗಿಸಿದ ಹಾಗೆ. ಅಂದರೆ ಇದನ್ನು ಹಿಡಿದು ಓಡಾಡೋಕಾಗಲ್ಲ, ಒಬ್ಬನನ್ನು ಎದುರಾಎದುರು ಹೊಡೆಯೋಕಾಗಲ್ಲ. ಇನ್ಫರ್ನೊ ಮ್ಯಾಪಿನ ಬನಾನಾ ತರಹದ ಇಕ್ಕಟ್ಟು ದಾರಿಗೆ ಅಡ್ಡ ಕೂತು "ಇಲ್ಲಿಂದ ಯಾರೂ ಬರಂಗಿಲ್ಲ" ಅನ್ನೋಕೆ ಮಾತ್ರ ಆಗುತ್ತೆ. ಹೊಸ ಆಟದಲ್ಲಿ ಸ್ಮೋಕ್‌ಗೆ ಗುಂಡು ಹೊಡೆದರೆ ಹೊಗೆ ಒಂದು ಕ್ಷಣ ಸೀಳುತ್ತೆ. ನೆಗೆವ್ ಇದ್ದರೆ ಆ ಸೀಳು ಮುಚ್ಚೋಕೇ ಬಿಡಲ್ಲ. ಮೊದಲ ಸಲ ಅದನ್ನು ನೋಡಿದಾಗ ನಾವು ಐದೂ ಜನ ಕುರ್ಚಿಯಿಂದ ಎದ್ದಿದ್ದೆವು.

ಇದಕ್ಕೆ ಉಲ್ಟಾ ಎಂ249. ಅದೂ ಮೆಷಿನ್ ಗನ್, ಬೆಲೆ 5200. ಎಡಬ್ಲ್ಯೂಪಿಗಿಂತ ಜಾಸ್ತಿ. ಅದು ಮಾಡುವ ಒಂದೊಂದು ಕೆಲಸವನ್ನೂ 2700ರ ಎಕೆ ಮಾಡುತ್ತೆ. ಅದಕ್ಕೆ ತನ್ನದು ಅನ್ನುವ ಜಾಗವೇ ಇಲ್ಲ. ಇಷ್ಟು ವರ್ಷ ಹಾಗೇ ಬಿಟ್ಟಿರೋದು ನನಗೆ ನಿಜಕ್ಕೂ ಬೇಸರದ ವಿಷಯ, ಪಕ್ಕದಲ್ಲೇ ನೆಗೆವ್‌ನ ಉದಾಹರಣೆ ಇದೆಯಲ್ಲ.

ಅಳಿಯ ಬಿಜಿಎಂಐ ಕಡೆಯಿಂದ ಬಂದವನು, ಅವನ ಪ್ರಶ್ನೆ ಯಾಕೆ ಹಾಗಿತ್ತು ಅಂತ ನನಗೆ ಆಮೇಲೆ ಅರ್ಥ ಆಯ್ತು. ಅಲ್ಲಿ ಆಟದ ಶುರುವಿನಲ್ಲಿ ಅಂಗಡಿ ಇರಲ್ಲ, ನೆಲದ ಮೇಲೆ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು. ಎಂ416 ಸಿಕ್ಕಿ, ಅದಕ್ಕೆ ಹಿಡಿ, ಹಿಂಬದಿ ಕಟ್ಟೆ, ದೊಡ್ಡ ಮ್ಯಾಗಜೀನ್, ದುರ್ಬೀನು ಎಲ್ಲ ಜೋಡಿಸಿದ ಮೇಲೆ ಇನ್ನೊಂದು ರೈಫಲ್ ಯಾಕೆ ಬೇಕು? ಅಲ್ಲಿ ಒಂದೇ ಕೆಲಸದ ಬಂದೂಕನ್ನು ಕಾಯೋದು, ಅದು ಸಿಗೋದೇ ಅಪರೂಪ ಅನ್ನೋ ಬೇಲಿ. ಎಡಬ್ಲ್ಯೂಎಂ ಅನ್ನೋ ಸ್ನೈಪರ್ ವಿಮಾನದಿಂದ ಬೀಳುವ ಏರ್‌ಡ್ರಾಪ್‌ನಲ್ಲಿ ಬರಬೇಕು, ಅದರ ಗುಂಡೂ ಅದರ ಜೊತೆಗೇ ಬರಬೇಕು. ಆ ಏಟಿಗೆ ಲೆವೆಲ್ 3 ಹೆಲ್ಮೆಟ್ ಕೂಡ ತಡೆಯಲ್ಲ. ಅದೂ ಒಂದು ದಾರಿ. ಆದರೆ ಅಲ್ಲಿ ಅದೃಷ್ಟ ನಿರ್ಧಾರ ಮಾಡುತ್ತೆ, ಇಲ್ಲಿ ನಾನು ನಿರ್ಧಾರ ಮಾಡುತ್ತೇನೆ. ನನಗೆ ಇಲ್ಲಿನದೇ ಇಷ್ಟ.

ವ್ಯಾಲೊರಂಟ್ ಅನ್ನೋ ಇನ್ನೊಂದು ಗನ್ ಗೇಮ್ ಕೂಡ ದುಡ್ಡಿನ ಆಟವೇ. ಅವರು 2024ರ ಜನವರಿಯಲ್ಲಿ ಔಟ್‌ಲಾ ಅಂತ ಎರಡು ನಳಿಗೆಯ ಸ್ನೈಪರ್ ತಂದರು, 2400 ಕ್ರೆಡಿಟ್. ಮೈಗೆ ಬಿದ್ದರೆ 140. ಒಬ್ಬನಿಗೆ ಪ್ರಾಣ 100, ಹಗುರ ಕವಚ 25, ಒಟ್ಟು 125. ಸತ್ತ. ಭಾರಿ ಕವಚ ಇದ್ದರೆ 150, ಬದುಕಿದ. ಈ 15ರ ಲೆಕ್ಕ ಎಷ್ಟು ಚೆನ್ನಾಗಿದೆ ನೋಡಿ. ದುಡ್ಡು ಉಳಿಸೋಕೆ ಹಗುರ ಕವಚ ತಗೊಂಡವನಿಗೆ ಮಾತ್ರ ಇದು ಯಮ. ಎದುರಾಳಿ ಏನು ಕೊಂಡಿದ್ದಾನೆ ಅಂತ ಊಹೆ ಮಾಡಿ ಕೊಳ್ಳಬೇಕಾದ ಬಂದೂಕು ಇದು. ಈ ಒಂದು ವಿಷಯದಲ್ಲಿ ಅವರ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಈಗ ಕೌಂಟರ್ ಸ್ಟ್ರೈಕ್ 2 ಬಗ್ಗೆ ನನ್ನ ದೊಡ್ಡ ತಕರಾರು. ಹಳೆಯ ಆಟದಲ್ಲಿ ಅಂಗಡಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಬಂದೂಕೂ ಇರುತ್ತಿತ್ತು. ಈಗ ಆಟಕ್ಕೆ ಮೊದಲೇ ನಾವು ಹದಿನೈದು ಆರಿಸಿ ಇಟ್ಟಿರಬೇಕು. ಪಿಸ್ತೂಲು ಐದು, ನಡುವಿನ ಸಾಲಿನಲ್ಲಿ ಐದು, ರೈಫಲ್ ಐದು. ಪಿಸ್ತೂಲಿಗೂ ರೈಫಲಿಗೂ ತೊಂದರೆ ಇಲ್ಲ. ಎಂ4ನ ಎರಡು ಬಗೆಯನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು, ಅದು ಒಳ್ಳೆಯದೇ. ಕಷ್ಟ ಇರೋದು ನಡುವಿನ ಸಾಲಿನಲ್ಲಿ. ಸಣ್ಣ ಬಂದೂಕು, ಶಾಟ್‌ಗನ್, ಮೆಷಿನ್ ಗನ್, ಈ ಮೂರೂ ಜಾತಿಯ ಹತ್ತಕ್ಕೂ ಹೆಚ್ಚು ಬಂದೂಕು ಅದೇ ಐದು ಜಾಗಕ್ಕೆ ನೂಕಾಡಬೇಕು. ಅಂದರೆ ಒಂದೇ ಕೆಲಸದ ಬಂದೂಕುಗಳನ್ನೆಲ್ಲ ಒಂದೇ ಬೆಂಚಿನಲ್ಲಿ ಕೂರಿಸಿದ್ದಾರೆ. ಜನ ಏನು ಮಾಡುತ್ತಾರೆ? ಎಂಪಿ9, ಪಿ90, ಹೀಗೆ ಎಲ್ಲಾ ಮ್ಯಾಪ್‌ಗೂ ಆಗೋದನ್ನು ಇಟ್ಟು ನೆಗೆವ್ ತೆಗೆಯುತ್ತಾರೆ. ಮ್ಯಾಪ್ ಬದಲಾದಾಗಲೆಲ್ಲ ಪಟ್ಟಿ ಬದಲಾಯಿಸುತ್ತಾ ಯಾರೂ ಕೂರಲ್ಲ. ಇನ್ಫರ್ನೊದಲ್ಲಿ ಬನಾನಾ ಕಡೆ ಸ್ಮೋಕ್ ಬಿದ್ದಾಗ ನೆಗೆವ್ ನೆನಪಾಗುತ್ತೆ, ಅಂಗಡಿ ತೆಗೆದರೆ ಅದು ಅಲ್ಲಿಲ್ಲ.

ಜೊತೆಗೆ ಆಟದ ಉದ್ದವೂ ಕಮ್ಮಿಯಾಗಿದೆ. ಮೊದಲು ಅರ್ಧಕ್ಕೆ 15 ರೌಂಡ್ ಇತ್ತು, ಈಗ 12. ಈಗ 13 ರೌಂಡನ್ನು ಯಾರು ಮುಂಚೆ ಗೆಲ್ಲುತ್ತಾರೋ ಅವರು ಗೆದ್ದ ಹಾಗೆ. ಆಟ ಬೇಗ ಮುಗಿಯುತ್ತೆ, ಮಾರನೇ ದಿನ ಕೆಲಸಕ್ಕೆ ಹೋಗುವ ನನ್ನಂಥವರಿಗೆ ಅದು ಅನುಕೂಲವೇ. ಆದರೆ ರೌಂಡ್ ಕಮ್ಮಿಯಾದಷ್ಟೂ ಒಂದೊಂದು ರೌಂಡ್‌ಗೂ ಬೆಲೆ ಜಾಸ್ತಿ, "ಈ ಸಲ ಶಾಟ್‌ಗನ್ ಹಾಕಿ ನೋಡೋಣ" ಅನ್ನುವ ಧೈರ್ಯ ಕಮ್ಮಿ. ತಂಡದವರೂ ಒಪ್ಪಲ್ಲ.

ಇಷ್ಟಾದರೂ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಯಾಕಂದ್ರೆ ಸೋತವರ ಕೈಗೂ ಇಲ್ಲಿ ದುಡ್ಡು ಬರುತ್ತೆ. ಸತತವಾಗಿ ಸೋಲುತ್ತಾ ಹೋದರೆ ಸಿಗುವ ಮೊತ್ತ 1400ರಿಂದ 500 500 ಏರುತ್ತಾ 3400ರವರೆಗೆ ಹೋಗುತ್ತೆ. ಮಧ್ಯದ ಆ 1900, 2400ರ ರೌಂಡ್‌ಗಳಲ್ಲೇ ಸ್ಕೌಟ್, ಮ್ಯಾಗ್-7, ಮ್ಯಾಕ್-10 ಇವಕ್ಕೆಲ್ಲ ಜೀವ ಬರೋದು. ಸ್ಕೌಟ್ 1700, ಹಗುರ, ಹಿಡಿದು ಓಡಿದರೂ ವೇಗ ಅಷ್ಟಾಗಿ ಕುಗ್ಗಲ್ಲ, ತಲೆಗೆ ಬಿದ್ದರೆ ಒಂದೇ ಏಟು. ಬಡವರ ಸ್ನೈಪರ್ ಅಂತ ನಾವು ಕರೆಯುತ್ತೇವೆ. ಕಿಸೆ ತುಂಬಿರುವಾಗ ಎಲ್ಲರೂ ಎಕೆಯವರೇ. ಕಿಸೆ ಅರ್ಧ ಇರುವಾಗ ಯಾರು ಏನು ಕೊಳ್ಳುತ್ತಾರೆ ಅನ್ನೋದರಲ್ಲಿ ಆಟಗಾರ ಗೊತ್ತಾಗುತ್ತಾನೆ.

ಆ ಭಾನುವಾರ ಮ್ಯಾಚ್ ಮುಗಿದ ಮೇಲೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುತ್ತಾ ಇದೇ ಮಾತು. ತಿಪಟೂರಿನವನು ನಡುವಿನ ಸಾಲಿಗೆ ಇನ್ನೆರಡು ಜಾಗ ಕೊಟ್ಟರೆ ಸಾಕು ಅಂದ. ನನಗೂ ಅದೇ ಸರಿ ಅನ್ನಿಸುತ್ತೆ, ಐದರ ಬದಲು ಏಳು. ಅಳಿಯ ಒಪ್ಪಲಿಲ್ಲ. "ಐದೇ ಇರಲಿ ಮಾಮ, ಆಗ ಎದುರಿಗಿರೋನ ಹತ್ರ ಏನಿಲ್ಲ ಅಂತ ಊಹೆ ಮಾಡ್ಬೋದು" ಅಂದ. ಮೂರು ವಾರದಲ್ಲಿ ಹುಡುಗ ಎಲ್ಲಿಂದ ಎಲ್ಲಿಗೆ ಬಂದ ಅಂತ ಖುಷಿಯಾಯ್ತು. ಆದರೂ ನನ್ನ ಮಾತು ನನ್ನದೇ.

ಸದ್ಯ ಬಾಂಬ್ ತಡೆಯುವ ಕಡೆಗೆ ನನ್ನ ಐದರಲ್ಲಿ ಎಂಪಿ9, ಪಿ90, ಯುಎಂಪಿ, ಮ್ಯಾಗ್-7 ಇವೆ. ಐದನೆಯದಕ್ಕೆ ನೆಗೆವ್ ಇಟ್ಟಿದ್ದೇನೆ, ವಾರಕ್ಕೊಂದು ಸಲ ಉಪಯೋಗಕ್ಕೆ ಬಂದರೆ ಹೆಚ್ಚು. ನೀವು ಆ ಜಾಗದಲ್ಲಿ ಏನು ಇಟ್ಟಿದ್ದೀರಿ, ಯಾವ ಮ್ಯಾಪ್‌ಗೋಸ್ಕರ ಇಟ್ಟಿದ್ದೀರಿ ಅಂತ ಬರೀರಿ, ಒಂದು ವಾರ ಅದನ್ನು ಹಾಕಿ ಆಡಿ ನೋಡುತ್ತೇನೆ.